ಚೇರಂಬಾಣೆ ಇಳಿಜಾರಿನಲ್ಲಿ ಕ್ಯಾರವಾನ್‌ ನೀರು

ಮಾರ್ಚ್‌ನಲ್ಲಿ ಕೊಡಗಿಗೆ ಹೋದರೆ ರೊಬಸ್ಟಾ ತೋಟಗಳಲ್ಲಿ ಸ್ಪ್ರಿಂಕ್ಲರ್‌ಗಳು ತಿರುಗುತ್ತಿರುತ್ತವೆ. ಮಳೆ ಕಾಯದೆ ಕಾಫಿ ಹೂ ಅರಳಿಸುವ ಕಾಲ ಅದು. ಅಕ್ಕ, ಭಾವ, ಮಕ್ಕಳ ಜೊತೆ ಅಡುಗೆ, ಸ್ನಾನ, ನಿದ್ದೆ ಎಲ್ಲ ಒಳಗೇ ಆಗುವ ಬಾಡಿಗೆ ಕ್ಯಾರವಾನ್‌ನಲ್ಲಿ ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ ದಾಟಿ ಮಡಿಕೇರಿ ಹತ್ತಿದೆವು. ಅಲ್ಲಿಂದ ಭಾಗಮಂಡಲದ ರಸ್ತೆ. ಚೇರಂಬಾಣೆ ಹತ್ತಿರ ಪರಿಚಯದವರ ತೋಟದಲ್ಲಿ, ಕಾಫಿ ಒಣಗಿಸುವ ಕಣದ ಪಕ್ಕದ ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿದೆವು.

ಸಂಜೆ ಅಕ್ಕ ಕಾಫಿಗೆ ನೀರು ಹಿಡಿಯಲು ಹೋದಾಗ ನಲ್ಲಿ ಬುಸ್ ಅಂತ ಗಾಳಿ ಬಿಟ್ಟಿತು. ಪಂಪ್ ಓಡುತ್ತಲೇ ಇತ್ತು. ಮೀಟರ್ ಮಾತ್ರ ಟ್ಯಾಂಕಿನಲ್ಲಿ ಇನ್ನೂ ನೀರಿದೆ ಅಂತ ತೋರಿಸುತ್ತಿತ್ತು.

ಕ್ಯಾರವಾನ್‌ನಲ್ಲಿ ನೀರಿನ ದಾರಿ ತುಂಬಾ ಸರಳ. ಒಳ್ಳೆ ನೀರಿನ ಟ್ಯಾಂಕ್, ಆಮೇಲೆ ಒಂದು ಚಿಕ್ಕ ಜಾಲರಿ ಫಿಲ್ಟರ್, 12 ವೋಲ್ಟ್ ಪಂಪ್, ಅಲ್ಲಿಂದ ನಲ್ಲಿಗಳು. ನಲ್ಲಿ ತೆರೆದರೆ ಪೈಪಿನಲ್ಲಿ ಒತ್ತಡ ಇಳಿಯುತ್ತದೆ, ಪಂಪ್ ತಾನಾಗಿ ಶುರುವಾಗುತ್ತದೆ. ಮುಚ್ಚಿದರೆ ಒತ್ತಡ ಏರಿ ನಿಲ್ಲುತ್ತದೆ. ಪಾತ್ರೆ ತೊಳೆದ ನೀರು, ಸ್ನಾನದ ನೀರು ಬೇರೆ ಟ್ಯಾಂಕಿಗೆ. ಇಷ್ಟು ಗೊತ್ತಿದ್ದರೆ ಪಂಪಿನ ಶಬ್ದ ಕೇಳಿಯೇ ತೊಂದರೆ ಯಾವ ಕಡೆ ಇದೆ ಅಂತ ಹೇಳಬಹುದು.

ತೋಟದ ರೈಟರ್, ಅಂದರೆ ಲೆಕ್ಕಪತ್ರ, ಕೆಲಸ ನೋಡಿಕೊಳ್ಳುವವರು, ಬಂದು ಒಂದು ನಿಮಿಷ ಕಿವಿಗೊಟ್ಟರು. "ಗಾಳಿ ಎಳೀತಿದೆ ಸಾರ್. ನಮ್ಮ ಕೆರೆ ಪಂಪ್‌ಗೂ ಹೀಗೇ ಆಗ್ತದೆ," ಅಂದರು.

ಮೊದಲು ಇಳಿಜಾರು ನೋಡಿದೆವು. ಟ್ಯಾಂಕಿನಿಂದ ನೀರು ಹೊರಡುವ ಬಾಯಿ ಹಿಂದಿನ ಮೂಲೆಯಲ್ಲಿ. ಗಾಡಿಯ ಮುಂಭಾಗ ತಗ್ಗಿನಲ್ಲಿ. ನೀರೆಲ್ಲ ಮುಂದಕ್ಕೆ ಸರಿದು, ಪಂಪಿಗೆ ಗಾಳಿಯೇ ಸಿಗುತ್ತಿತ್ತು. ಕೊಡಗಿನಲ್ಲಿ ಸಮತಟ್ಟು ಜಾಗ ಹುಡುಕುವುದೇ ಕಷ್ಟ ಅಲ್ವಾ? ಭಾವ ಮುಂದಿನ ಚಕ್ರಗಳನ್ನು ಮರದ ಹಲಗೆಗಳ ಮೇಲೆ ಹತ್ತಿಸಿದರು. ನೀರು ಬಂತು, ಆದರೆ ನಡುನಡುವೆ ಇನ್ನೂ ಉಗುಳುತ್ತಿತ್ತು.

ಆಗ ಜಾಲರಿ ಬಿಚ್ಚಿದೆವು. ಒಳಗೆ ಮರಳು, ಎಲೆಯ ಚೂರು. ಅದರ ರಬ್ಬರ್ ರಿಂಗ್ ಮೇಲೂ ಮರಳಿನ ಕಾಳು ಕೂತು ಮುಚ್ಚಳ ಬಿಗಿಯಾಗಿರಲಿಲ್ಲ. ಇದನ್ನು ಒತ್ತಿ ಹೇಳಬೇಕು: ಟ್ಯಾಂಕ್ ಮತ್ತು ಪಂಪ್ ನಡುವೆ ಬಿರುಕಿದ್ದರೆ ಹೊರಗೆ ಹನಿ ಕಾಣದೇ ಇರಬಹುದು. ಎಳನೀರಿನ ಸ್ಟ್ರಾಗೆ ತೂತು ಬಿದ್ದ ಹಾಗೆ ಗಾಳಿ ಒಳಗೆ ಹೋಗುತ್ತದೆ, ಅಷ್ಟೇ. ಪಂಪ್ ದಾಟಿದ ಮೇಲಿನ ಪೈಪಿನಲ್ಲಾದರೆ ನೀರು ಹೊರಗೆ ಬಂದೇ ಬರುತ್ತದೆ. ರಿಂಗ್ ತೊಳೆದು ಕೂರಿಸಿ, ಎಲ್ಲ ನಲ್ಲಿಗಳನ್ನೂ ಒಂದೊಂದಾಗಿ ತೆರೆದು ಗಾಳಿ ಬಿಟ್ಟೆವು. ಧಾರೆ ನೆಟ್ಟಗಾಯಿತು. ಪಂಪ್ ಬದಲಿಸುವ ಮಾತು ಅಲ್ಲಿಗೇ ನಿಂತಿತು.

ರಾತ್ರಿ ಇನ್ನೊಂದು ಶಬ್ದ. ಯಾರೂ ನಲ್ಲಿ ಮುಟ್ಟದೆ ಪಂಪ್ ಆಗಾಗ ಒಂದು ಕ್ಷಣ ಗುರ್ ಅಂದು ನಿಲ್ಲುತ್ತಿತ್ತು. ಎಲ್ಲೋ ಒತ್ತಡ ಸೋರುತ್ತಿದೆ ಅಂತ ಅರ್ಥ. ಒಣ ಟಿಶ್ಯೂ ಹಿಡಿದು ಜೋಡಣೆಗಳನ್ನೆಲ್ಲ ಒರೆಸುತ್ತಾ ಬಂದೆ. ಸಿಂಕ್ ಕೆಳಗೆ ಟಿಶ್ಯೂ ಒದ್ದೆಯಾಯಿತು. ಕೈಯಲ್ಲೇ ಸ್ವಲ್ಪ ಬಿಗಿ ಮಾಡಿದರೆ ಸಾಕಾಯಿತು. ಪ್ಲಾಸ್ಟಿಕ್ ನಟ್‌ಗೆ ಸ್ಪ್ಯಾನರ್ ಹಾಕಿ ಬಲ ಕೊಟ್ಟರೆ ಸೀಳುತ್ತದೆ. ಎಲ್ಲೂ ಒದ್ದೆ ಸಿಗದಿದ್ದರೆ ಪಂಪಿನೊಳಗಿನ ಕವಾಟವನ್ನು ಅನುಮಾನಿಸಬೇಕು, ನೀರು ಅದರ ಮೂಲಕ ಟ್ಯಾಂಕಿಗೇ ವಾಪಸ್ ಹೋಗುತ್ತಿರಬಹುದು. ಏನೇ ಇರಲಿ, ಮಲಗುವಾಗ ಮತ್ತು ಗಾಡಿ ಓಡುವಾಗ ಪಂಪ್ ಸ್ವಿಚ್ ಆಫ್ ಇರಲಿ. ದಾರಿಯಲ್ಲಿ ಪೈಪ್ ಕಳಚಿದರೆ ಇಡೀ ಟ್ಯಾಂಕ್ ಗಾಡಿಯೊಳಗೇ ಖಾಲಿಯಾಗುತ್ತದೆ.

ಬೆಳಿಗ್ಗೆ ತಲಕಾವೇರಿಗೆ ಹೊರಡುವ ಮೊದಲು ಕೊಳಕು ನೀರಿನ ಟ್ಯಾಂಕ್ ತುಂಬಿತ್ತು. ಪಕ್ಕದಲ್ಲೇ ತೊರೆ. ಅಲ್ಲಿಗೆ ಬಿಡುವುದು ಸುಲಭ, ಆದರೆ ಈ ಕಡೆಯ ತೊರೆಗಳು ಸೇರುವುದು ಕಾವೇರಿಯನ್ನೇ. ಸೋಪು, ಎಣ್ಣೆ ಇರುವ ನೀರನ್ನು ಅದಕ್ಕೆ ಬಿಡುವುದು ನನಗೆ ಒಪ್ಪಿಗೆಯಿಲ್ಲ. ರೈಟರ್ ಅವರನ್ನು ಕೇಳಿ ಮನೆಯ ಬಚ್ಚಲ ಗುಂಡಿಗೆ ಪೈಪ್ ಎಳೆದೆವು. ಒಳ್ಳೆ ನೀರನ್ನು ದಿನಕ್ಕೆ ಬೇಕಾದಷ್ಟೇ ತುಂಬಿಸಿಕೊಂಡೆವು. ಲೀಟರ್ ನೀರು ಅಂದರೆ ಒಂದು ಕಿಲೋ ಭಾರ, ಮುಂದೆ ಏರುದಾರಿ ಬೇರೆ. ಈ ಸಲ ಟ್ಯಾಂಕಿಗೆ ನೀರು ತುಂಬಿಸುವ ಬಾಯಿಗೆ ತೆಳು ಬಟ್ಟೆ ಕಟ್ಟಿ ಸೋಸಿಯೇ ತುಂಬಿದ್ದು.