ಒಂದೇ ಊರಲ್ಲಿ ಒಂಬತ್ತು ಕ್ಯಾನ್ಸರ್: ಮೊದಲು ಪಟ್ಟಿ, ಆಮೇಲೆ ನೀರಿನ ಬಾಟಲಿ

ಮೂಡಿಗೆರೆ, ಸಕಲೇಶಪುರದ ಕಡೆ ಒಂದೇ ಊರಿನ ನಾಲ್ಕೈದು ಮನೆಗೆ ಕ್ಯಾನ್ಸರ್ ಬಂತೆಂದರೆ ಮಾತು ಸೀದಾ ಕಾರಣಕ್ಕೆ ಹೋಗಿ ನಿಲ್ಲುತ್ತದೆ. ತೋಟಕ್ಕೆ ಹೊಡೆಯುವ ಔಷಧಿ, ಬೋರ್‌ವೆಲ್ ನೀರು, ಮೊಬೈಲ್ ಟವರ್. ಆ ಭಯವನ್ನು ಯಾರೂ ತಳ್ಳಿಹಾಕಬಾರದು. ಆದರೆ ಮರುದಿನವೇ ನೀರು ತುಂಬಿಕೊಂಡು ಲ್ಯಾಬಿಗೆ ಓಡಿದರೆ, ಬರುವ ವರದಿಯಿಂದ ಏನೂ ತೀರ್ಮಾನವಾಗುವುದಿಲ್ಲ. ತನಿಖೆ ಶುರುವಾಗಬೇಕಾದ್ದು ಒಂದು ಪಟ್ಟಿಯಿಂದ.

ಪ್ರತಿ ರೋಗಿಗೆ ಒಂದು ಸಾಲು: ವಯಸ್ಸು, ಗಂಡೋ ಹೆಣ್ಣೋ, ಕ್ಯಾನ್ಸರ್ ಮೊದಲು ಹುಟ್ಟಿದ ಅಂಗ, ಬಯಾಪ್ಸಿ ವರದಿಯ ತಾರೀಖು, ಆಗ ವಾಸವಿದ್ದ ಮನೆ, ಆ ಊರಿಗೆ ಬಂದ ವರ್ಷ, ಮಾಡುತ್ತಿದ್ದ ಕೆಲಸ, ಬೀಡಿ, ಹೊಗೆಸೊಪ್ಪು, ಎಲೆಅಡಿಕೆಯ ಅಭ್ಯಾಸ. ‘ಮೊದಲು ಹುಟ್ಟಿದ ಅಂಗ’ ಎಂಬಲ್ಲೇ ಹೆಚ್ಚು ತಪ್ಪಾಗುವುದು. ಮನೆಯವರು ಲಿವರ್ ಕ್ಯಾನ್ಸರ್ ಅನ್ನುತ್ತಾರೆ. ಆಸ್ಪತ್ರೆ ಫೈಲು ತೆಗೆದರೆ ಅದು ದೊಡ್ಡ ಕರುಳಿನಲ್ಲಿ ಹುಟ್ಟಿ ಲಿವರ್‌ಗೆ ಹರಡಿದ್ದು. ಗರ್ಭಕೋಶದ ಗಡ್ಡೆ ಎಂದದ್ದು ಎಷ್ಟೋ ಸಲ ಬರೀ ಫೈಬ್ರಾಯ್ಡ್, ಕ್ಯಾನ್ಸರೇ ಅಲ್ಲ. ಪಂಚಾಯ್ತಿಯ ಮರಣ ನೋಂದಣಿಯನ್ನು ನಂಬಿ ಕೂರಬೇಡಿ. ಮನೆಯಲ್ಲೇ ತೀರಿಕೊಂಡವರ ಸಾವಿನ ಕಾರಣವನ್ನು ಅಲ್ಲಿ ವೈದ್ಯರು ದೃಢೀಕರಿಸಿರುವುದು ಅಪರೂಪ. ಬಯಾಪ್ಸಿ ವರದಿ ಅಥವಾ ಡಿಸ್ಚಾರ್ಜ್ ಸಮ್ಮರಿ ಕೈಗೆ ಸಿಕ್ಕ ಮೇಲೆಯೇ ಆ ಸಾಲು ಪಕ್ಕಾ. ಉಳಿದದ್ದನ್ನು ಪೆನ್ಸಿಲ್‌ನಲ್ಲಿ ಬರೆದಿಡಿ. ಹೆಸರುಗಳನ್ನಂತೂ ವಾಟ್ಸಾಪ್ ಗುಂಪಿಗೆ ಹಾಕಲೇಬಾರದು. ಒಂದು ಮನೆಯ ಹೆಸರು ಹೊರಬಿದ್ದರೆ ಆ ಮನೆ ಹುಡುಗಿಯ ಮದುವೆ ಮಾತುಕತೆಯೂ ಮುರಿಯುತ್ತದೆ. ಆಮೇಲೆ ಊರಲ್ಲಿ ಯಾರೂ ಬಾಯಿ ಬಿಡುವುದಿಲ್ಲ.

ಮಲೆನಾಡಿನ ರೋಗಿಗಳು ಒಂದೇ ಆಸ್ಪತ್ರೆಗೆ ಹೋಗುವವರಲ್ಲ. ಕೆಲವರು ಬೆಂಗಳೂರಿನ ಕಿದ್ವಾಯಿಗೆ, ಕೆಲವರು ಮಂಗಳೂರು, ಮಣಿಪಾಲಕ್ಕೆ, ಕೆಲವರು ಮೈಸೂರಿಗೆ. ಬೆಂಗಳೂರಿಗೆ ಹೋದವರು ಬರೆಸುವುದು ಅಲ್ಲಿರುವ ಮಗಳ ಮನೆ ವಿಳಾಸ. ಹಾಗಾಗಿ ಆಸ್ಪತ್ರೆ ಲೆಕ್ಕದಲ್ಲಿ ನಿಮ್ಮ ಊರೇ ಇರುವುದಿಲ್ಲ. ಒಂದು ಪ್ರದೇಶದಲ್ಲಿ ವಾಸವಿರುವ ಪ್ರತಿ ಹೊಸ ರೋಗಿಯನ್ನೂ ಬರೆದುಕೊಳ್ಳುವ ಜನಸಂಖ್ಯಾ ಆಧಾರಿತ ನೋಂದಣಿ ಬೆಂಗಳೂರಲ್ಲಿ 1982ರಿಂದ ಇದೆ. ಹಳ್ಳಿಯಲ್ಲಿ ಆ ಕೆಲಸವನ್ನು ಆಶಾ ಕಾರ್ಯಕರ್ತೆಯ ಮನೆ ಸಮೀಕ್ಷೆ ಪುಸ್ತಕ ಹಿಡಿದುಕೊಂಡು ಮನೆಮನೆ ಸುತ್ತಿಯೇ ಮಾಡಬೇಕು.

ಇನ್ನು ಲೆಕ್ಕ. 1,200 ಜನರ ಊರು ಎಂದಿಟ್ಟುಕೊಳ್ಳಿ. 2022ರ ರಾಷ್ಟ್ರೀಯ ಅಂದಾಜಿನಂತೆ ಲಕ್ಷ ಜನಕ್ಕೆ ವರ್ಷಕ್ಕೆ ಸುಮಾರು 100 ಹೊಸ ಕ್ಯಾನ್ಸರ್. ಅಂದರೆ ಈ ಊರಿಗೆ ವರ್ಷಕ್ಕೆ 1.2, ಐದು ವರ್ಷಕ್ಕೆ 6. ಪಟ್ಟಿಯಲ್ಲಿ 9 ಇದ್ದರೆ ಸಿಕ್ಕಿದ್ದಕ್ಕೂ ನಿರೀಕ್ಷಿಸಿದ್ದಕ್ಕೂ ಇರುವ ಅನುಪಾತ 1.5. ಒಂದೂವರೆ ಪಟ್ಟು ಎಂದರೆ ಎದೆ ಝಲ್ಲೆನ್ನುತ್ತದೆ. ಆದರೆ 6 ನಿರೀಕ್ಷೆ ಇರುವಲ್ಲಿ 9 ಅಥವಾ ಹೆಚ್ಚು ಆಕಸ್ಮಿಕವಾಗಿಯೇ ಬರುವ ಸಾಧ್ಯತೆ ಶೇ. 15ರಷ್ಟಿದೆ, ನಿಜವಾದ ಅನುಪಾತ ಎಲ್ಲಿರಬಹುದು ಎಂಬುದರ ಶೇ. 95ರ ಭರವಸೆಯ ವ್ಯಾಪ್ತಿ 0.7ರಿಂದ 2.8ರವರೆಗೆ ಚಾಚುತ್ತದೆ, 1, ಅಂದರೆ ಏರಿಕೆಯೇ ಇಲ್ಲ ಎಂಬುದೂ ಅದರೊಳಗೇ ಇದೆ. ಅದರ ಮೇಲೆ ವಯಸ್ಸಿನ ಲೆಕ್ಕ. ನಮ್ಮ ಊರುಗಳಲ್ಲಿ ಹುಡುಗರು ಬೆಂಗಳೂರು ಸೇರಿ ಹಿರಿಯರಷ್ಟೇ ಉಳಿದಿದ್ದಾರೆ. ವಯಸ್ಸಿನ ಗುಂಪಿನಂತೆ ಬಿಡಿಸಿ ಕೂಡಿಸಿದರೆ ಆ 6 ಎಂಬುದು 8 ದಾಟಿದರೂ ಆಶ್ಚರ್ಯವಿಲ್ಲ. ಅದೇ ಊರಿನ 300 ಮಕ್ಕಳಲ್ಲಿ ಐದು ವರ್ಷಕ್ಕೆ ಇಬ್ಬರಿಗೆ ರಕ್ತದ ಕ್ಯಾನ್ಸರ್ ಬಂದಿದ್ದರೆ ಮಾತೇ ಬೇರೆ. ಅಲ್ಲಿ ನಿರೀಕ್ಷಿತ ಸಂಖ್ಯೆ ಒಂದರ ಹತ್ತನೇ ಭಾಗವೂ ಆಗದು. ಜಿಲ್ಲಾ ಆರೋಗ್ಯಾಧಿಕಾರಿಗೆ ತಕ್ಷಣ ಲಿಖಿತವಾಗಿ ತಿಳಿಸಬೇಕಾದ ವಿಷಯ ಅದು. ಬೇರೆ ಬೇರೆ ಅಂಗದ ಒಂಬತ್ತು ಕ್ಯಾನ್ಸರ್‌ಗಿಂತ ಒಂದೇ ಬಗೆಯ ಎರಡು ಅಪರೂಪದ ಕ್ಯಾನ್ಸರ್ ಹೆಚ್ಚು ಹೇಳುತ್ತದೆ.

ಗಡಿಯನ್ನೂ ವರ್ಷಗಳನ್ನೂ ಎಣಿಕೆಗೆ ಮೊದಲೇ ಗೊತ್ತುಮಾಡಿ. ರೋಗಿಗಳ ಮನೆ ನೋಡಿಕೊಂಡು ಅವಷ್ಟೇ ಒಳಗೆ ಬರುವಂತೆ ಗೆರೆ ಎಳೆದರೆ ಯಾವ ಬೀದಿಯಲ್ಲೂ ಗುಂಪು ಕಾಣುತ್ತದೆ. ತೋಟದ ಕೂಲಿಯವರು ಸಾಲಾಗಿ ವಾಸಿಸುವ ಲೈನ್ ಮನೆಗಳದ್ದು ಇನ್ನೊಂದು ಕಷ್ಟ. ಜನ ಬರುತ್ತಾರೆ, ಹೋಗುತ್ತಾರೆ. ಖಾಯಿಲೆ ಬಿದ್ದವರು ತವರೂರಿಗೆ ಮರಳಿ ಲೆಕ್ಕದಿಂದಲೇ ಮಾಯವಾಗುತ್ತಾರೆ. ಅಲ್ಲಿ ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಇರುವ ಹಳೆಯ ಚೆಕ್‌ರೋಲ್, ಅಂದರೆ ಕೂಲಿಯವರ ಹಾಜರಿ ಪುಸ್ತಕ, ಚಿನ್ನದಂಥ ದಾಖಲೆ. ಯಾರು ಯಾವ ವರ್ಷ ಇದ್ದರು, ಯಾರು ಔಷಧಿ ಹೊಡೆಯುವ ಕೆಲಸಕ್ಕೆ ಹೋದರು ಎಂಬುದು ಅದರಿಂದ ಸಿಗಬಹುದು.

ಕಾರಣ ಹುಡುಕುವಾಗ ಕಾಲದ ಅಂತರ ನೋಡಿ. ಗಡ್ಡೆಯಾಗುವ ಕ್ಯಾನ್ಸರ್‌ಗಳಿಗೆ ಸಾಮಾನ್ಯವಾಗಿ ಹತ್ತು ವರ್ಷಕ್ಕೂ ಹೆಚ್ಚು ಬೇಕು, ರಕ್ತದ ಕ್ಯಾನ್ಸರ್ ಅದಕ್ಕಿಂತ ಬೇಗ ಬರಬಹುದು. ಎರಡು ವರ್ಷದ ಹಿಂದೆ ನಿಂತ ಟವರ್ ಈ ವರ್ಷದ ಸ್ತನ ಕ್ಯಾನ್ಸರ್‌ಗೆ ಕಾರಣವಾಗದು. ಅರೇಬಿಕಾ ಕಾಫಿ ಗಿಡವನ್ನು ಕೊರೆಯುವ ಬಿಳಿ ಕಾಂಡಕೊರಕ ಹುಳಕ್ಕೆಂದು ಕಾಂಡಕ್ಕೆ ಹೊಡೆಯುತ್ತಿದ್ದ ಲಿಂಡೇನ್ ಎಂಬ ಕೀಟನಾಶಕದ್ದು ಮಾತ್ರ ಬೇರೆ ಕತೆ. ದೇಶದಲ್ಲಿ 2013ರಿಂದ ಅದರ ಬಳಕೆ ನಿಷೇಧ. 2015ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಕ್ಯಾನ್ಸರ್‌ಕಾರಕ ಎಂದು ಸಾರಿತು, ನಾನ್ ಹಾಡ್ಕಿನ್ ಲಿಂಫೋಮಾ ಎಂಬ ದುಗ್ಧರಸ ಗ್ರಂಥಿಗಳ ಕ್ಯಾನ್ಸರ್‌ನ ಸಾಕ್ಷ್ಯದ ಮೇಲೆ. ಹಾಗಾಗಿ ಇಂದಿನ ನೀರಿನಲ್ಲಿ ಲಿಂಡೇನ್ ಸಿಗಲಿಲ್ಲ ಎಂಬ ವರದಿ 2005ರಲ್ಲಿ ಪಂಪು ಹೊತ್ತವನ ಬಗ್ಗೆ ಏನೂ ಹೇಳುವುದಿಲ್ಲ. ಅವನನ್ನೇ ಕೇಳಬೇಕು: ಯಾವ ಔಷಧಿ, ಎಷ್ಟು ವರ್ಷ, ಕೈಗೆ ಗ್ಲೌಸ್ ಇತ್ತೇ?

ನೀರು ತೆಗೆಯಲೇಬೇಕಾದರೆ ಬೋರ್‌ವೆಲ್ಲನ್ನು ಹತ್ತು ನಿಮಿಷ ಓಡಿಸಿ, ಆಮೇಲೆ ತುಂಬಿ. ಕೀಟನಾಶಕಕ್ಕೆ ಕಂದು ಗಾಜಿನ ಒಂದು ಲೀಟರ್ ಬಾಟಲಿ, ಐಸ್ ಪೆಟ್ಟಿಗೆಯಲ್ಲಿ. ಆರ್ಸೆನಿಕ್‌ನಂಥ ಲೋಹಕ್ಕೆ ಲ್ಯಾಬಿನವರು ಕೊಡುವ, ನೈಟ್ರಿಕ್ ಆಮ್ಲ ಹಾಕಿದ ಪ್ಲಾಸ್ಟಿಕ್ ಬಾಟಲಿ. ಕುಡಿಯುವ ನೀರಲ್ಲಿ ಆರ್ಸೆನಿಕ್‌ನ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಮಿನರಲ್ ವಾಟರ್ ಬಾಟಲಿಯಲ್ಲಿ ಕೊಂಡೊಯ್ದರೆ ಕೀಟನಾಶಕ ಪ್ಲಾಸ್ಟಿಕ್ಕಿಗೆ ಅಂಟಿ ಅಂಕಿ ಕೆಳಗಿಳಿಯುತ್ತದೆ. ಅರಸೀಕೆರೆ, ಕಡೂರಿನ ಫ್ಲೋರೈಡ್ ಹಲ್ಲು, ಮೂಳೆ ಕೆಡಿಸುತ್ತದೆ. ಅದನ್ನು ಕ್ಯಾನ್ಸರ್ ಲೆಕ್ಕಕ್ಕೆ ಸೇರಿಸಬೇಡಿ.

ಅಮೆರಿಕದಲ್ಲಿ ಇಪ್ಪತ್ತು ವರ್ಷಗಳ 428 ತನಿಖೆಗಳನ್ನು 2012ರಲ್ಲಿ ಒಟ್ಟುಮಾಡಿ ನೋಡಿದಾಗ, ಪರಿಶೀಲಿಸಿದ 567 ಕ್ಯಾನ್ಸರ್ ವರ್ಗಗಳಲ್ಲಿ 72ರಲ್ಲಿ ಮಾತ್ರ ನಿಜವಾದ ಏರಿಕೆ ಕಂಡಿತ್ತು. ಕಾರಣ ಸ್ಪಷ್ಟವಾಗಿ ಸಿಕ್ಕಿದ್ದು ಒಂದೇ ಒಂದು ತನಿಖೆಯಲ್ಲಿ. ಊರಿನವರಿಗೆ ಇದನ್ನು ಮೊದಲೇ ಹೇಳಬೇಕು, ವರದಿ ಬಂದ ದಿನ ಅಲ್ಲ.

ಪಟ್ಟಿಯಿಂದ ಬೇರೆ ಉಪಯೋಗವೂ ಇದೆ. ಅರ್ಧಕ್ಕರ್ಧ ಬಾಯಿ ಕ್ಯಾನ್ಸರೇ ಕಂಡರೆ ಲ್ಯಾಬಿಗೆ ಕಾಯುವ ಅಗತ್ಯವಿಲ್ಲ. ಹೊಗೆಸೊಪ್ಪಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂಬುದು 2004ರಿಂದ ಗೊತ್ತಿರುವ ಸಂಗತಿ. ಅಡಿಕೆ ಬೆಳೆದು ಬದುಕುವ ಊರಲ್ಲಿ ಇದನ್ನು ಹೇಳುವುದು ಕಷ್ಟ, ಆದರೂ ಹೇಳಲೇಬೇಕು. ಮೂವತ್ತು ದಾಟಿದವರೆಲ್ಲರ ಬಾಯಿ ತಪಾಸಣೆಯನ್ನು ಆರೋಗ್ಯ ಕೇಂದ್ರದಲ್ಲಿ ಆ ವಾರವೇ ಶುರುಮಾಡಿಸಿ. ಬಾಯಲ್ಲಿ ಬಿಳಿ ಮಚ್ಚೆ, ಮೂರು ವಾರವಾದರೂ ಮಾಯದ ಹುಣ್ಣು, ಬಾಯಿ ಅಗಲಿಸಲಾಗದ ಬಿಗಿತ ಕಂಡವರನ್ನು ಮೊದಲು ಕಳಿಸಿ.