ಎಡಗೆನ್ನೆಯ ಗೆರೆ, ಮೂರು ದಿಂಬು, ಹತ್ತು ವಾರ

ಕಾರವಾರ, ಜೂನ್ 8
ಬೆಳಿಗ್ಗೆ ಎದ್ದಾಗ ಎಡಗೆನ್ನೆಯ ಮೇಲೆ ಬೀಳುವ ದಿಂಬಿನ ಮಡಿಕೆಯ ಗುರುತು ಮೊದಲೆಲ್ಲ ಮುಖ ತೊಳೆಯುವಷ್ಟರಲ್ಲಿ ಹೋಗುತ್ತಿತ್ತು. ಈಗ ಅಂಕೋಲಾ ಬಸ್ಸು ಹತ್ತಿದ ಮೇಲೂ ಇರುತ್ತದೆ. ನನಗೆ 46. ಅದೇ ಜಾಗದಲ್ಲಿ ಕಣ್ಣಿನ ತುದಿಯಿಂದ ಓರೆಯಾಗಿ ಇಳಿದ ಗೆರೆಯೊಂದು ಹಗಲಿಡೀ ಕಾಣುತ್ತದೆ. ಬಲಗೆನ್ನೆಯಲ್ಲಿ ಅದಿಲ್ಲ. ನಾನು ಮಲಗುವುದು ಎಡಮಗ್ಗುಲಿಗೆ. ಹೇಗೂ ಮಳೆಗಾಲ, ಹೊಲಿಗೆ ಮಷಿನ್ ಸುಮ್ಮನೆ ಕೂತಿದೆ. ದಿಂಬನ್ನೇ ಬದಲಿಸಿ ನೋಡುವ ಎಂದು ಹೊರಟೆ.

ಎದ್ದ ಕೂಡಲೇ ಅಡುಗೆಮನೆ ಕಿಟಕಿಯ ಹತ್ತಿರ ಒಂದು ಫೋಟೋ. ಆಮೇಲೆ ಗುರುತು ಅಳಿಸಿಹೋಗಲು ಎಷ್ಟು ನಿಮಿಷ ಎಂದು ಕ್ಯಾಲೆಂಡರಿನ ಮೇಲೆ ಬರೆಯುವುದು. ಇಷ್ಟೇ ಅಳತೆ.

ಜೂನ್ 15
ಹಳೇ ದಿಂಬಿನ ಸರಾಸರಿ: 52 ನಿಮಿಷ.

ಈ ವಾರ ಓದಿದ್ದೇ ಜಾಸ್ತಿ. ನಗುವಾಗ, ಹುಬ್ಬು ಗಂಟಿಕ್ಕುವಾಗ ಬೀಳುವ ಸುಕ್ಕು ಸ್ನಾಯು ಎಳೆದದ್ದರಿಂದ ಬರುವಂಥದ್ದು. ನಿದ್ದೆಯ ಸುಕ್ಕು ಹಾಗಲ್ಲ. ಐದು ಕಿಲೋದಷ್ಟು ತೂಗುವ ತಲೆ ದಿಂಬಿನ ಮೇಲೆ ಒರಗಿದಾಗ ಚರ್ಮ ಅದುಮಿ, ಜಾರಿ, ಮಡಚಿ ಬೀಳುತ್ತದೆ. ಸ್ನಾಯುವಿನ ಪಾತ್ರ ಇಲ್ಲದ್ದರಿಂದ, ಸ್ನಾಯು ಸಡಿಲಿಸುವ ಬೊಟಾಕ್ಸ್ ಚುಚ್ಚುಮದ್ದು ಇದಕ್ಕೆ ನಾಟುವುದಿಲ್ಲ. 2016ರಲ್ಲಿ ಗೋಸೆಲ್ ಆನ್ಸನ್ ಮತ್ತು ಸಂಗಡಿಗರು ಈಸ್ತೆಟಿಕ್ ಸರ್ಜರಿ ಜರ್ನಲ್‌ನಲ್ಲಿ ಇದನ್ನು ವಿವರವಾಗಿ ಬರೆದಿದ್ದಾರೆ. ಆದರೆ 2013ರಲ್ಲಿ ಡರ್ಮಟಾಲಜಿಕ್ ಸರ್ಜರಿ ಪತ್ರಿಕೆಯಲ್ಲಿ ಬಂದ, 100 ಹೆಂಗಸರನ್ನು ನೋಡಿ ಮಾಡಿದ ಅಧ್ಯಯನದಲ್ಲಿ ಮಲಗುವ ಮಗ್ಗುಲಿಗೂ ಆ ಬದಿಯ ಸುಕ್ಕಿಗೂ ಹೇಳಿಕೊಳ್ಳುವಂಥ ನಂಟು ಸಿಕ್ಕಿಲ್ಲ. ಅದನ್ನು ಓದಿ ಸ್ವಲ್ಪ ಮುಖ ಸಪ್ಪಗಾಯಿತು. ಬಟ್ಟೆ ಆಗಲೇ ಕತ್ತರಿಸಿ ಆಗಿತ್ತು.

ಜೂನ್ 29
ಒಂದನೇ ದಿಂಬು: ಅಂಗಾತ ಮಲಗುವವರಿಗೆ. ನಡುವೆ ತೆಳು, ಎರಡೂ ಬದಿ ದಪ್ಪ, ತಲೆ ಹೊರಳದಿರಲಿ ಎಂದು. ಶಿರಸಿಯ ಮನೆಯಿಂದ ತಂದ ಬೂರುಗದ ಅರಳೆ ತುಂಬಿದೆ. ಮೃದುವೇನೋ ಹೌದು, ಆದರೆ ನಾಲ್ಕೇ ದಿನಕ್ಕೆ ಅರಳೆಯೆಲ್ಲ ಮೂಲೆಗೆ ಸರಿದು ನಡುವೆ ಬರೀ ಬಟ್ಟೆ ಉಳಿಯಿತು. ಬಿಚ್ಚಿ, ಉದ್ದಕ್ಕೆ ಎರಡು ಹೊಲಿಗೆ ಹಾಕಿ, ಮೂರು ಖಾನೆ ಮಾಡಿದೆ.

ದಿಂಬು ಸರಿಯಾಯಿತು, ನಾನು ಸರಿಯಾಗಲಿಲ್ಲ. ಮನುಷ್ಯ ರಾತ್ರಿಗೆ ಸುಮಾರು 20 ಸಲ ಮಗ್ಗುಲು ಬದಲಿಸುತ್ತಾನಂತೆ. ಅಂಗಾತ ಮಲಗಿದವಳು ಎಚ್ಚರಾದಾಗ ಎಡಕ್ಕೇ ಇರುತ್ತಿದ್ದೆ. ಅಂಗಾತ ಇದ್ದಷ್ಟು ಹೊತ್ತು ಗೊರಕೆ ಬೇರೆ. ನಾಲಿಗೆ ಹಿಂದಕ್ಕೆ ಬಿದ್ದು ಉಸಿರಿನ ದಾರಿ ಕಿರಿದಾಗುವುದರಿಂದ. ಇಷ್ಟು ವರ್ಷ ಗೊರಕೆಗೆ ನನ್ನಿಂದ ಬೈಸಿಕೊಂಡ ನಮ್ಮನೆಯವರು ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟು, ಚಹಾ ಕುಡಿಯುವಾಗ ಕೇಳಿಸಿದರು.

ಆಯಿಗೆ ಹೇಳಿದರೆ, "ಮಳ್ಳು ಹಿಡದ್ದನೇ ಕೂಸೆ ನಿಂಗೆ?" ಅಂದಳು.

ಜುಲೈ 13
ಏನೂ ಆಗಿಲ್ಲ. ಮಳೆ. ದಿಂಬಿಗೆ ಮುಗ್ಗಲು ವಾಸನೆ. ಶಿರಸಿಯಲ್ಲಾದರೆ ಬಚ್ಚಲ ಒಲೆಯ ಹತ್ತಿರ ಇಟ್ಟು ಒಣಗಿಸಬಹುದಿತ್ತು, ಇಲ್ಲಿ ಫ್ಯಾನೇ ಗತಿ. ಎರಡನೇ ದಿಂಬು ಒಂದನೆಯದರದ್ದೇ ಅಗಲದ ನಕಲು, ಅದೂ ಪ್ರಯೋಜನಕ್ಕೆ ಬರಲಿಲ್ಲ.

ಜುಲೈ 27
ಹಟ ಬಿಟ್ಟೆ. ಎಡಕ್ಕೇ ಮಲಗುವುದಾದರೆ ಎಡಕ್ಕೇ ಸರಿ, ಕೆನ್ನೆಗೆ ಭಾರ ಬೀಳದಿದ್ದರಾಯಿತು. ಮೂರನೇ ದಿಂಬಿನಲ್ಲಿ ಕೆನ್ನೆ ಬರುವ ಜಾಗವನ್ನು ಅರ್ಧಚಂದ್ರದ ಹಾಗೆ ಕತ್ತರಿಸಿ ತೆಗೆದೆ. ಭಾರ ಈಗ ಕಿವಿಯ ಮೇಲ್ಭಾಗದಲ್ಲಿ, ತಲೆಯ ಬದಿಗೆ ಬೀಳುತ್ತದೆ, ಕೆನ್ನೆ ತೂಗುಬಿದ್ದಿರುತ್ತದೆ. ಕತ್ತರಿಸಿದ ಅಂಚಿಗೆ ಹಳೇ ರೇಷ್ಮೆ ಸೀರೆಯ ತುಂಡು, ಚರ್ಮ ಜಗ್ಗದೆ ಜಾರಲಿ ಎಂದು. ಅಂಚಿನ ಹೊಲಿಗೆ ಮೂರು ಸಲ ಬಿಚ್ಚಿದ್ದೇನೆ, ಬಾಗಿದ ಕಡೆ ರೇಷ್ಮೆ ಸುಕ್ಕಾಗುತ್ತದೆ. ಸುಕ್ಕು ತಪ್ಪಿಸುವ ದಿಂಬಿಗೇ ಸುಕ್ಕು.

ಆಗಸ್ಟ್ 10
ಎರಡು ವಾರದ ಸರಾಸರಿ: 29 ನಿಮಿಷ. ಖುಷಿ! ಆದರೆ ಜೂನಿನ ಫೋಟೋ ಪಕ್ಕಕ್ಕಿಟ್ಟರೆ ಕಾಯಂ ಗೆರೆ ಇದ್ದ ಹಾಗೇ ಇದೆ.

ಆಗಸ್ಟ್ 14
ಮಳೆ ಬಿಡುವು ಕೊಟ್ಟ ದಿನ. ಬೆಳಿಗ್ಗೆ ಅಂಕೋಲೆಗೆ ಹೋಗುವಾಗ ಕಿಟಕಿಯ ಬಿಸಿಲು ಸೀದಾ ಎಡಗೆನ್ನೆಗೆ. ಸಂಜೆ ವಾಪಸು ಬರುವಾಗಲೂ ಎಡಗೆನ್ನೆಗೇ. ಒಂದು ಕ್ಷಣ ಅರ್ಥವಾಗಲಿಲ್ಲ, ಆಮೇಲೆ ಹೊಳೆಯಿತು: ಬೆಳಿಗ್ಗೆ ದಕ್ಷಿಣಕ್ಕೆ ಹೋಗುತ್ತೇನೆ, ಎಡಕ್ಕೆ ಪೂರ್ವ. ಸಂಜೆ ಉತ್ತರಕ್ಕೆ ಬರುತ್ತೇನೆ, ಎಡಕ್ಕೆ ಪಶ್ಚಿಮ. ಹದಿನಾರು ವರ್ಷದಿಂದ ನಾನು ಕೂರುವುದು ಎಡಗಡೆಯ ಕಿಟಕಿ ಸೀಟಿನಲ್ಲೇ.

ಗಾಜು ಮುಚ್ಚಿದರೂ ಬಿಸಿಲಿನ ಯುವಿಎ ಎಂಬ ನೇರಳಾತೀತ ಕಿರಣ ಒಳಗೆ ಬರುತ್ತದೆ. 28 ವರ್ಷ ಟ್ರಕ್ ಓಡಿಸಿದ 69ರ ಅಮೆರಿಕದ ಚಾಲಕನೊಬ್ಬನ ಫೋಟೋ 2012ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದಿತ್ತು. ಕಿಟಕಿಯ ಬದಿಯ ಎಡಗೆನ್ನೆ ತುಂಬ ದಪ್ಪ ಸುಕ್ಕು, ಬಲಗೆನ್ನೆ ಅದಕ್ಕಿಂತ ಎಷ್ಟೋ ಎಳೆಯದು. ಬಿಸಿಲು ಚರ್ಮದ ಕೊಲಾಜೆನ್, ಎಲಾಸ್ಟಿನ್ ಎಳೆಗಳನ್ನು ಕೆಡಿಸುತ್ತದೆ. ಮಡಚಿದ ಚರ್ಮ ಮತ್ತೆ ನೆಟ್ಟಗಾಗುವುದು ಆ ಎಳೆಗಳ ಬಲದಿಂದಲೇ. ಅಂದರೆ ಮಡಚಿದ್ದು ದಿಂಬು, ಬಿಚ್ಚಿಕೊಳ್ಳದ ಹಾಗೆ ಮಾಡಿದ್ದು ಬಸ್ಸು ಇರಬಹುದು. ಎರಡೂ ಒಂದೇ ಕೆನ್ನೆಗೆ ಬಿದ್ದಿದ್ದರಿಂದ ಯಾರ ಪಾಲು ಎಷ್ಟು ಎಂದು ನನ್ನ ಕ್ಯಾಲೆಂಡರ್ ಹೇಳಲಾರದು.

ಆಗಸ್ಟ್ 17
ಸನ್‌ಸ್ಕ್ರೀನ್ ತಂದೆ. ಮೂರನೇ ದಿಂಬು ಮುಂದುವರಿಯುತ್ತದೆ. ಇವತ್ತು ಬಸ್ಸಿನಲ್ಲಿ ಬಲಗಡೆಯ ಕಿಟಕಿಗೆ ಹೋಗಿ ಕೂತೆ. ದಿನಾ ಅಲ್ಲಿ ಕೂರುವ ಮೀನು ಮಾರುವ ಹೆಂಗಸು ಬುಟ್ಟಿ ಕೆಳಗಿಟ್ಟು, ನನ್ನನ್ನೊಮ್ಮೆ ನೋಡಿ, "ಬಾಯೋರೆ, ನಿಮ್ಮ ಜಾಗ ಆ ಬದಿ ಅಲ್ವಾ?" ಅಂದಳು. ಎದ್ದು ಎಡಕ್ಕೆ ಬಂದು ಸೆರಗು ಹೊದ್ದು ಕೂತೆ.