ಪರಮಾಣು ಮಾದರಿಗಳ ಮೇಜು: ರುದರ್‌ಫರ್ಡ್ ಗುಡ್ಡದ ಕೆಲಸ ಎಲ್ಲಿಗೆ ಬಂತು

ಪರಮಾಣುವಿನೊಳಗಿನ ವಿದ್ಯುದಂಶದ ತಳ್ಳುವಿಕೆಯನ್ನು ಎತ್ತರವಾಗಿ ತೋರಿಸುವ ಎರಡು ಗುಡ್ಡಗಳನ್ನು ಮೇಜಿನ ಮೇಲೆ ಕಟ್ಟುತ್ತಿದ್ದೇವೆ. ಅವುಗಳ ಮೇಲೆ ಉರುಳುವ ಉಕ್ಕಿನ ಗುಂಡೇ ಇಲ್ಲಿ ಆಲ್ಫಾ ಕಣ, ಅಂದರೆ ಧನ ವಿದ್ಯುದಂಶದ ಪುಟ್ಟ ಕಣ. ಮೊದಲನೆಯದು, ಭೌತವಿಜ್ಞಾನಿ ಜೆ.ಜೆ. ಥಾಮ್ಸನ್ನರ ಮಾದರಿಯ ದಿಬ್ಬ, ಮುಗಿದಿದೆ. 1904ರ ಆ ಮಾದರಿಯಲ್ಲಿ ಧನ ವಿದ್ಯುದಂಶ ಪರಮಾಣುವಿನ ತುಂಬ ಸಮನಾಗಿ ಹರಡಿದೆ, ಎಲೆಕ್ಟ್ರಾನುಗಳು ಅದರೊಳಗೆ ಹುದುಗಿವೆ. ಎಲೆಕ್ಟ್ರಾನುಗಳನ್ನು ಬದಿಗಿಟ್ಟು ಧನ ಅಂಶವನ್ನಷ್ಟೇ ಎತ್ತರಕ್ಕೆ ಇಳಿಸಿದರೂ 40 ಸೆಂ.ಮೀ. ಅಗಲದ ದಿಬ್ಬ ನಡುವೆ ಏಳುವುದು ಬರೀ 5 ಮಿ.ಮೀ. 2.5 ಸೆಂ.ಮೀ. ಎತ್ತರದಿಂದ ಉರುಳಿಬಿಟ್ಟ 8 ಮಿ.ಮೀ. ಉಕ್ಕಿನ ಗುಂಡು ಅದನ್ನು ಎಲ್ಲಿ ಹಾದರೂ ಲೆಕ್ಕದ ಪ್ರಕಾರ 12 ಡಿಗ್ರಿಗಿಂತ ಹೆಚ್ಚು ಓರೆಯಾಗದು.

ಆದರೆ ಮ್ಯಾಂಚೆಸ್ಟರಿನಲ್ಲಿ ಗೈಗರ್ ಮತ್ತು ಮಾರ್ಸ್‌ಡೆನ್ ಕಂಡದ್ದು ಬೇರೆ. ಸುಮಾರು 0.00004 ಸೆಂ.ಮೀ. ದಪ್ಪದ ಚಿನ್ನದ ಹಾಳೆ ಹಾಯುವಾಗ 20,000 ಆಲ್ಫಾ ಕಣಗಳಲ್ಲಿ ಒಂದು ಸರಾಸರಿ 90 ಡಿಗ್ರಿ ತಿರುಗಿತ್ತು. ಅದಕ್ಕೆ ಬೇಕಾದದ್ದು ಕಡಿದಾದ ಗುಡ್ಡ, ಅದೇ ರುದರ್‌ಫರ್ಡ್ ಗುಡ್ಡ.

ಈ ಗುಡ್ಡಕ್ಕೆ ಆಕಾರ ಕೊಡುವ ತಗಡಿನ ಮೊದಲ ಅಚ್ಚನ್ನು ಬಿಸಾಡಬೇಕಾಯಿತು. ಅದರಲ್ಲಿ ಎತ್ತರವೆಂದರೆ 20ನ್ನು ನಡುವಿನಿಂದ ಇರುವ ದೂರದಿಂದ ಭಾಗಿಸಿದಷ್ಟು, ಎಲ್ಲವೂ ಸೆಂ.ಮೀ.ನಲ್ಲಿ. 20 ಸೆಂ.ಮೀ. ಅಂಚಿಗೆ ಬಂದರೂ 1 ಸೆಂ.ಮೀ. ಉಳಿದು ಮೆಟ್ಟಿಲಾಗುತ್ತದೆ, ಗುಂಡು ಅಲ್ಲೇ ಬಡಿದು ಹಾರುತ್ತದೆ. ಅಷ್ಟನ್ನು ತಳದಿಂದ ಕೊಯ್ದು ಕೂರಿಸಬಹುದಿತ್ತು. ಆದರೆ 1911ರ ಪ್ರಬಂಧದಲ್ಲಿ ರುದರ್‌ಫರ್ಡ್ ಕೊಟ್ಟ ಸೂತ್ರವೇ ಈ ತೊಡಕನ್ನು ಬಿಡಿಸುತ್ತದೆ: ನಡುವೆ ವಿದ್ಯುದಂಶದ ಚುಕ್ಕೆ, ಸುತ್ತ ಸಮನಾಗಿ ಹರಡಿದ ವಿರುದ್ಧ ವಿದ್ಯುದಂಶ. ನಮ್ಮ ಅಳತೆಯಲ್ಲಿ, 20ನ್ನು ದೂರದಿಂದ ಭಾಗಿಸಿ, 1.5 ಕಳೆದು, ದೂರದ ವರ್ಗದ 800ನೇ ಒಂದು ಭಾಗ ಕೂಡಿಸಬೇಕು. 20ರಲ್ಲಿ ಸೊನ್ನೆ, 10ರಲ್ಲಿ 0.63, 8ರಲ್ಲಿ 1.08, 6ರಲ್ಲಿ 1.88, 5ರಲ್ಲಿ 2.53, 4ರಲ್ಲಿ 3.52. ಅಂಚಿನಲ್ಲಿ ಇಳಿಜಾರೂ ಸೊನ್ನೆಯಾಗುವುದರಿಂದ ಗುಡ್ಡ ಹಲಗೆಯೊಳಗೆ ಕರಗಿಹೋಗುತ್ತದೆ. ಭೌತಶಾಸ್ತ್ರ ಸರಿಯಾದಾಗ ಮರಗೆಲಸವೂ ಸರಿಯಾಗುವುದು ನಿಜಕ್ಕೂ ಖುಷಿ ಕೊಡುವ ಸಂಗತಿ.

ಈ ಸೂತ್ರ ಕೊಡುವ ಗೆರೆಯನ್ನು ಹಾಗೇ ಅಚ್ಚಿನ ತಗಡಿಗೆ ಇಳಿಸಬಾರದು. ಸೂತ್ರ ಪಾಲಿಸಬೇಕಾದ್ದು ಗುಂಡಿನ ಕೇಂದ್ರ, ಅದರ ತಳವಲ್ಲ. 5 ಸೆಂ.ಮೀ. ದೂರದಲ್ಲಿ ಇಳಿಜಾರು 38 ಡಿಗ್ರಿ. ಅಲ್ಲಿ ಕೇಂದ್ರ ತಾಗುವ ಬಿಂದುವಿಗಿಂತ 2.5 ಮಿ.ಮೀ. ಹೊರಗಿರುತ್ತದೆ. ಗ್ರಾಫ್ ಹಾಳೆಯಲ್ಲಿ ಗೆರೆಯನ್ನು 4 ಮಿ.ಮೀ. ಮೇಲಕ್ಕೆತ್ತಿ, ಅದರುದ್ದಕ್ಕೂ ಕೈವಾರದಿಂದ 4 ಮಿ.ಮೀ. ತ್ರಿಜ್ಯದ ವೃತ್ತಗಳನ್ನು ಎಳೆಯಿರಿ. ವೃತ್ತಗಳ ಕೆಳ ಅಂಚನ್ನು ಸವರಿಕೊಂಡು ಹೋಗುವ ಗೆರೆಯೇ ಅಚ್ಚು. ತಗಡನ್ನು ನಡುವಿನ 6 ಮಿ.ಮೀ. ಸರಳಿಗೆ ಸಿಕ್ಕಿಸಿ, ಥರ್ಮೊಕೋಲ್ ತಿರುಳಿನ ಮೇಲೆ ಸುರಿದ ಪ್ಲಾಸ್ಟರ್ ಆಫ್ ಪ್ಯಾರಿಸ್ ಸುತ್ತ ತಿರುಗಿಸಬೇಕು. ಗಟ್ಟಿಯಾಗುವಾಗ ಪ್ಲಾಸ್ಟರ್ ತುಸು ಉಬ್ಬುತ್ತದೆ, ಹಾಗಾಗಿ ಕೊನೆಯವರೆಗೂ ತಿರುಗಿಸುತ್ತಲೇ ಇರಿ. ನೆತ್ತಿಯನ್ನು 4 ಸೆಂ.ಮೀ. ಎತ್ತರಕ್ಕೆ ನಿಲ್ಲಿಸಿದರೆ ಸಾಕು.

ಹೊಳೆಯುವ ಎನಾಮೆಲ್ ಬಣ್ಣ ಬೇಡ. 38 ಡಿಗ್ರಿಯಲ್ಲಿ ಜಾರದೆ ಉರುಳಲು ಘರ್ಷಣಾಂಕ ಕನಿಷ್ಠ 0.23 ಬೇಕು, ಮಂಕು ಡಿಸ್ಟೆಂಪರ್ ವಾಸಿ. ಗುಂಡು ಬಿಡುವ ಕಾಲುವೆಯ ತಳ ಚಪ್ಪಟೆಯಾಗಿರಲಿ. ಎರಡು ಅಂಚುಗಳ ಮೇಲೆ ಉರುಳಿಬಂದ ಗುಂಡು ಹೆಚ್ಚು ಗಿರಕಿ ಹೊಡೆಯುತ್ತ ಇಳಿಯುತ್ತದೆ, ಹಲಗೆ ಮುಟ್ಟಿದೊಡನೆ ವೇಗ ಬದಲಾಗುತ್ತದೆ.

ನೇರ ನಡುವಿಗೆ ಬಿಟ್ಟ ಗುಂಡು ಸುಮಾರು 5 ಸೆಂ.ಮೀ. ದೂರದಲ್ಲಿ ನಿಂತು ಹಿಂದಿರುಗಬೇಕು. 77 ಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಆಲ್ಫಾ ಕಣ ಚಿನ್ನದ ನ್ಯೂಕ್ಲಿಯಸ್ಸಿನಿಂದ (ಪರಮಾಣುವಿನ ನಡುವಿನ ಆ ವಿದ್ಯುದಂಶದ ಚುಕ್ಕೆ) ಸುಮಾರು 30 ಫೆಮ್ಟೋಮೀಟರ್ ದೂರದಲ್ಲಿ ನಿಲ್ಲುತ್ತದೆ; ಫೆಮ್ಟೋಮೀಟರ್ ಎಂದರೆ ಮಿಲಿಮೀಟರಿನ ಲಕ್ಷ ಕೋಟಿಯಲ್ಲಿ ಒಂದು ಭಾಗ. ಚಿನ್ನದ ಪರಮಾಣುವಿನ ತ್ರಿಜ್ಯ ಸುಮಾರು 1,44,000 ಫೆಮ್ಟೋಮೀಟರ್. ಅದೇ ಅನುಪಾತ ಹಿಡಿದರೆ ನಮ್ಮ ಅಂಚು 20 ಸೆಂ.ಮೀ.ನಲ್ಲಲ್ಲ, 240 ಮೀಟರ್ ಆಚೆ ಇರಬೇಕಿತ್ತು. ಹಾಗಾಗಿ ಈ ಮೇಜಿನ ಮೇಲೆ ಯಾವ ಕೋನಕ್ಕೆ ಎಷ್ಟು ಕಣ ತಿರುಗುತ್ತವೆ ಎಂಬ ರುದರ್‌ಫರ್ಡರ ನಿಯಮ ಅಂಕಿ-ಅಂಕಿಗೆ ಹೊಂದುವುದಿಲ್ಲ. ಈ ಮಾತನ್ನು ಹಲಗೆಯ ಮೇಲೆ ದೊಡ್ಡದಾಗಿಯೇ ಬರೆಯುತ್ತೇವೆ.

ಬಾಕಿ ಇರುವುದು 35 ಸೆಂ.ಮೀ. ತ್ರಿಜ್ಯದ ಸುತ್ತುಗೋಡೆ. ಅದರ ಒಳಮೈಗೆ ಬಿಳಿ ಹಾಳೆ, ಅದರ ಮೇಲೆ ಕಾರ್ಬನ್ ಕಾಗದ. ಗುಂಡು ಬಡಿದಲ್ಲಿ ಗುರುತು ಬೀಳುತ್ತದೆ. ಆಮೇಲೆ ನಡುಗೆರೆಯಿಂದ 1 ಸೆಂ.ಮೀ.ನಂತೆ ಸರಿಸುತ್ತ ಪ್ರತಿ ಜಾಗದಿಂದ 20 ಗುಂಡು ಬಿಡುವುದು, ಎರಡೂ ಗುಡ್ಡಗಳ ಮೇಲೆ.